ಅಮ್ಮನ ಬುತ್ತಿ, ಅಪ್ಪನ ಚುಕ್ಕೆ: ಒಂದು ಹುಳುವಿನ ಮೊದಲ ಎರಡು ವಿಭಜನೆಗಳು

ದುಂಡುಹುಳು ಅಂದ ಕೂಡಲೇ ಜಂತುಹುಳು, ಹೊಟ್ಟೆನೋವು, ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಕೊಡುವ ಚೀಪುವ ಮಾತ್ರೆ ನೆನಪಾಗುತ್ತದೆ, ಅಲ್ವಾ? ನಾನು ಇವತ್ತು ಹೇಳುವ ಹುಳು ಅದೇ ಬಳಗದ್ದು. ಆದರೆ ಪಾಪ, ಯಾರ ಹೊಟ್ಟೆಗೂ ಸೇರುವುದಿಲ್ಲ. ಕೊಳೆತ ಹಣ್ಣು, ಗೊಬ್ಬರದ ಗುಂಡಿ, ಇಂಥ ಕಡೆ ಬ್ಯಾಕ್ಟೀರಿಯಾ ತಿಂದುಕೊಂಡು ಇರುತ್ತದೆ. ಉದ್ದ ಒಂದು ಮಿಲಿಮೀಟರ್. ಪೂರ್ತಿ ಹೆಸರು ಸೀನೊರ್ಹಾಬ್ಡೈಟಿಸ್ ಎಲೆಗನ್ಸ್. ನಾವು ಸಿ. ಎಲೆಗನ್ಸ್ ಅನ್ನೋಣ. ಇನ್ನೂ ಸುಲಭಕ್ಕೆ, ಬರೀ ಹುಳು.

ಈ ಹುಳುವನ್ನು ಪ್ರಯೋಗಾಲಯಕ್ಕೆ ತಂದು ಕೂರಿಸಿದವರು ಸಿಡ್ನಿ ಬ್ರೆನ್ನರ್. ಕೇಂಬ್ರಿಜ್‌ನಲ್ಲಿದ್ದಾಗ 1963ರಲ್ಲಿ ಇದರ ಯೋಚನೆ ಶುರು ಮಾಡಿದರು. 1974ರಲ್ಲಿ ಇದರ ತಳಿಶಾಸ್ತ್ರದ ಬಗ್ಗೆ ದೊಡ್ಡ ಪ್ರಬಂಧ ಬಂತು. ಇವತ್ತು ಪ್ರಪಂಚದ ಲ್ಯಾಬ್‌ಗಳಲ್ಲಿ ಸಾಕಿರುವ ಹುಳುಗಳಲ್ಲಿ ಬಹುಪಾಲು ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಅಣಬೆ ಗೊಬ್ಬರದಲ್ಲಿ ಸಿಕ್ಕ ಒಂದು ತಳಿಯ ಸಂತಾನ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಇವನ್ನು ಸಾಕುತ್ತಾರೆ. ಮೂರು ದಿನದಲ್ಲಿ ಮೊಟ್ಟೆಯಿಂದ ಮೊಟ್ಟೆಗೆ ಒಂದು ಸುತ್ತು ಮುಗಿಯುತ್ತದೆ. ಬೇಡ ಅಂದಾಗ ದ್ರವ ಸಾರಜನಕದಲ್ಲಿ ಇಟ್ಟುಬಿಡಬಹುದು. ವರ್ಷಗಳ ಮೇಲೆ ತೆಗೆದರೆ ಎದ್ದು ಹರಿದಾಡುತ್ತದೆ.

ಆದರೆ ಕೋಶ ವಿಭಜನೆ ನೋಡುವವರಿಗೆ ಇದರ ದೊಡ್ಡ ಗುಣ ಬೇರೆ. ಇದು ಗಾಜಿನ ಹಾಗೆ ಪಾರದರ್ಶಕ. ಜತೆಗೆ ಪ್ರತಿ ಹುಳುವಿನಲ್ಲೂ ಕೋಶಗಳು ಅದೇ ಕ್ರಮದಲ್ಲಿ ಒಡೆಯುತ್ತವೆ. ಮೊಟ್ಟೆಯಿಂದ ಹೊರಬಂದ ಮರಿಯಲ್ಲಿ 558 ಕೋಶ. ಬೆಳೆದ ಹುಳುವಿನ ಮೈಯಲ್ಲಿ, ಅಂಡ ಮತ್ತು ವೀರ್ಯಾಣುಗಳನ್ನು ಬಿಟ್ಟರೆ, 959. ಸುಮಾರು ಅಲ್ಲ, ಸರಿಯಾಗಿ 959. ಯಾವ ಕೋಶ ಯಾವಾಗ ಒಡೆದು ಏನಾಗುತ್ತದೆ ಅನ್ನುವ ಇಡೀ ವಂಶಾವಳಿಯನ್ನು ಜಾನ್ ಸಲ್ಸ್ಟನ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತು ಬರೆದಿಟ್ಟರು. ಭ್ರೂಣದ ಭಾಗ 1983ರಲ್ಲಿ ಮುಗಿಯಿತು. ಆದ್ದರಿಂದ ಈ ಹುಳುವಿನಲ್ಲಿ ಒಂದು ಜೀನ್ ಕೆಟ್ಟರೆ "ಬೆಳವಣಿಗೆ ಸರಿಯಿಲ್ಲ" ಅಂತ ಮೋಘಮ್ಮಾಗಿ ಹೇಳಬೇಕಿಲ್ಲ. ಇಂಥ ಕೋಶ, ಇಷ್ಟನೇ ನಿಮಿಷ, ಇಲ್ಲಿ ನಿಂತಿತು ಅಂತ ಬೆರಳಿಟ್ಟು ತೋರಿಸಬಹುದು.

ಈಗ ಎಂಜೈಮ್‌ಗಳ ವಿಷಯ. ಒಂದು ಕೋಶ ಎರಡಾಗಲು ಡಿಎನ್‌ಎ ನಕಲಾಗಬೇಕು. ಕ್ರೋಮೋಸೋಮ್‌ಗಳು ಬಿಗಿಯಾಗಿ ಸುತ್ತಿಕೊಳ್ಳಬೇಕು. ಕದಿರು ಅನ್ನುವ ಎಳೆಗಳ ರಚನೆ ಎದ್ದು ಅವನ್ನು ಎರಡು ಕಡೆಗೆ ಪಾಲು ಮಾಡಬೇಕು. ಕೊನೆಗೆ ಕೋಶದ ನಡು ಹಿಂಡಿಕೊಂಡು ಕತ್ತರಿಸಬೇಕು. ಇದನ್ನೆಲ್ಲ ಹೊತ್ತಿಗೆ ಸರಿಯಾಗಿ ಶುರು ಮಾಡಿಸುವುದು ಮುಖ್ಯವಾಗಿ ಕೈನೇಸ್‌ಗಳು. ಕೈನೇಸ್ ಅಂದರೆ ಬೇರೆ ಪ್ರೋಟೀನಿಗೆ ಒಂದು ಫಾಸ್ಫೇಟ್ ಗುಂಪನ್ನು ಅಂಟಿಸುವ ಎಂಜೈಮ್. ಅಂಟಿದ ಕೂಡಲೇ ಆ ಪ್ರೋಟೀನಿನ ನಡವಳಿಕೆ ಬದಲಾಗುತ್ತದೆ. ಫಾಸ್ಫಟೇಸ್ ಅನ್ನುವ ಎಂಜೈಮ್ ಆ ಫಾಸ್ಫೇಟನ್ನು ಕಿತ್ತು ಹಾಕುತ್ತದೆ. ಹುಳುವಿನಲ್ಲಿ ಕೈನೇಸ್ ಜೀನ್‌ಗಳು 400ಕ್ಕೂ ಜಾಸ್ತಿ ಇವೆ. ನಮ್ಮಲ್ಲಿ 500ಕ್ಕೂ ಜಾಸ್ತಿ. ಅಷ್ಟು ದೊಡ್ಡ ದೇಹಕ್ಕೂ ಇಷ್ಟು ಚಿಕ್ಕ ಹುಳುವಿಗೂ ಇರುವ ವ್ಯತ್ಯಾಸ ಅಷ್ಟೇ. ಇವುಗಳಲ್ಲಿ ವಿಭಜನೆಗೆ ನೇರವಾಗಿ ಬೇಕಾದವು ಬೆರಳೆಣಿಕೆಯಷ್ಟು.

ಆ ಬೆರಳೆಣಿಕೆಯವು ಯೀಸ್ಟ್‌ನಿಂದ ಮನುಷ್ಯನ ತನಕ ಹೆಚ್ಚುಕಡಿಮೆ ಅವೇ. 1987ರಲ್ಲಿ ಪಾಲ್ ನರ್ಸ್ ಅವರ ಲ್ಯಾಬ್‌ನಲ್ಲಿ, ವಿಭಜನೆಯ ಜೀನ್ ಕೆಟ್ಟಿದ್ದ ಯೀಸ್ಟ್‌ಗೆ ಮನುಷ್ಯರ ಡಿಎನ್‌ಎ ತುಣುಕುಗಳನ್ನು ಹಾಕಿ ನೋಡಿದರು. ಒಂದು ತುಣುಕು ಸಿಕ್ಕ ಯೀಸ್ಟ್ ಮತ್ತೆ ಒಡೆಯತೊಡಗಿತು. ನಮ್ಮ ಜೀನ್ ಅಲ್ಲಿ ಕೆಲಸ ಮಾಡಿತು! ಆ ಜೀನನ್ನು ಈಗ ಸಿಡಿಕೆ-1 ಅನ್ನುತ್ತೇವೆ. ನರ್ಸ್, ಲೀಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್ ಮೂವರಿಗೆ 2001ರ ನೊಬೆಲ್ ಬಂತು.

ಹಾಗಾದರೆ ಯೀಸ್ಟೇ ಸಾಕಿತ್ತಲ್ಲ, ಹುಳು ಯಾಕೆ? ಯೀಸ್ಟ್‌ಗೆ ಅಮ್ಮ ಇಲ್ಲ ಅದಕ್ಕೆ. ನಾನು ಇವತ್ತು ಹೇಳಬೇಕೆಂದಿರುವುದು ಇದೊಂದೇ. ಒಂದು ಜೀನ್ ಕೆಟ್ಟರೆ ಏನಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ಯಾರ ಜೀನ್ ಅಂತ ಕೇಳಬೇಕು. ತಾಯಿಯದ್ದೋ, ತಂದೆಯದ್ದೋ, ಮರಿಯ ಸ್ವಂತದ್ದೋ? ಅದೇ ಜೀನ್, ಅದೇ ತಪ್ಪು, ಆದರೂ ಮೂರು ಬೇರೆ ಬೇರೆ ಕತೆ.

ಸಿಡಿಕೆ-1ರಿಂದಲೇ ಶುರು ಮಾಡೋಣ. ತಾಯಿಹುಳುವಿಗೆ ಈ ಜೀನಿನ ಒಂದು ಪ್ರತಿ ಸರಿಯಿದೆ, ಇನ್ನೊಂದು ಕೆಟ್ಟಿದೆ ಅಂದುಕೊಳ್ಳಿ. ಅವಳಿಗೆ ಏನೂ ತೊಂದರೆ ಇಲ್ಲ. ಅವಳು ತನ್ನ ವೀರ್ಯಾಣುವನ್ನೂ ತಾನೇ ಮಾಡಿಕೊಳ್ಳುವ ಉಭಯಲಿಂಗಿ, ಆದ್ದರಿಂದ ಮೆಂಡೆಲ್ ಲೆಕ್ಕದ ಪ್ರಕಾರ ಅವಳ ಮರಿಗಳಲ್ಲಿ ಕಾಲು ಭಾಗಕ್ಕೆ ಎರಡೂ ಕೆಟ್ಟ ಪ್ರತಿಗಳೇ ಬರುತ್ತವೆ. ವಿಭಜನೆಯ ಅತಿ ಮುಖ್ಯ ಎಂಜೈಮೇ ಇಲ್ಲದ ಮರಿ. ಒಂದೇ ಕೋಶದಲ್ಲಿ ಸತ್ತುಹೋಗಬೇಕು ತಾನೇ? ಹೋಗುವುದಿಲ್ಲ. ಭ್ರೂಣ ಒಡೆಯುತ್ತಾ ಹೋಗುತ್ತದೆ, ಹುಳುವಿನ ಆಕಾರ ಬರುತ್ತದೆ, ಮೊಟ್ಟೆ ಒಡೆದು ಮರಿ ಹೊರಗೂ ಬರುತ್ತದೆ.

ಇದು ಹೇಗೆ ಅಂದರೆ, ತಾಯಿ ಅಂಡ ಕಟ್ಟುವಾಗಲೇ ಅದರೊಳಗೆ ಬುತ್ತಿ ತುಂಬಿರುತ್ತಾಳೆ. ಪ್ರೋಟೀನ್‌ಗಳು, ಪ್ರೋಟೀನ್ ಮಾಡಲು ಬೇಕಾದ ಆರ್‌ಎನ್‌ಎಗಳು, ಎಲ್ಲ ತಾಯಿಯ ಜೀನ್‌ಗಳಿಂದ ಬಂದವು. ಮರಿಯ ಸ್ವಂತ ಜೀನ್ ಕೆಟ್ಟಿದ್ದರೂ ಆ ಬುತ್ತಿ ಇರುವ ತನಕ ನಡೆಯುತ್ತದೆ. ಬುತ್ತಿ ಖಾಲಿಯಾಗುವ ಹೊತ್ತಿಗೆ ಮರಿ ಹೊರಬಂದಿರುತ್ತದೆ. ಆಮೇಲೆ ಆಗಬೇಕಾದ ವಿಭಜನೆಗಳು ಮಾತ್ರ ನಿಂತುಹೋಗುತ್ತವೆ. ಕೋಶಗಳು ಡಿಎನ್‌ಎ ನಕಲು ಮಾಡಿಕೊಂಡು, ಒಡೆಯುವ ಹೊಸ್ತಿಲಲ್ಲಿ ಕೂತುಬಿಡುತ್ತವೆ. ಹೊಟ್ಟೆಯ ಉದ್ದಕ್ಕೂ ಇರುವ ಎಷ್ಟೋ ನರಕೋಶಗಳು ಮರಿ ಹುಟ್ಟಿದ ಮೇಲೆ ಬರುವಂಥವು. ಅಂಡ, ವೀರ್ಯಾಣು ಕೊಡುವ ಕೋಶಗಳು ಹೆಚ್ಚುವುದೂ ಆಮೇಲೆಯೇ. ಹಾಗಾಗಿ ಹುಟ್ಟಿದ ಮೇಲೆ ವಿಭಜನೆ ನಿಂತ ಹುಳುಗಳ ಗುರುತು ಏನು ಗೊತ್ತಾ? ನಡೆ ಸೊಟ್ಟ, ಸಂತಾನ ಇಲ್ಲ. ಹುಳು ಸಾಕುವವರು ಈ ಜೋಡಿ ಲಕ್ಷಣ ಕಂಡರೆ ವಿಭಜನೆಯ ಜೀನ್ ಇರಬಹುದು ಅಂತ ಕಿವಿ ನಿಮಿರಿಸುತ್ತಾರೆ.

ಈಗ ತಾಯಿಯ ಬುತ್ತಿಯಿಂದಲೇ ಸಿಡಿಕೆ-1 ತೆಗೆದುಬಿಟ್ಟರೆ? ಭ್ರೂಣ ಒಂದೇ ಕೋಶದ ಹಂತದಲ್ಲಿ ನಿಲ್ಲುತ್ತದೆ. ಮರಿಯ ಸ್ವಂತ ಜೀನ್ ಚೆನ್ನಾಗಿಯೇ ಇದೆ. ಆದರೆ ಅದು ಕೆಲಸಕ್ಕೆ ಇಳಿಯುವಷ್ಟು ಹೊತ್ತೇ ಸಿಗುವುದಿಲ್ಲ.

ತಾಯಿಯ ಪಾಲನ್ನು ತೆಗೆಯುವ ಉಪಾಯ ಆರ್‌ಎನ್‌ಎಐ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಇದೇ ಹುಳುವಿನಲ್ಲಿ ಕಂಡುಹಿಡಿದರು. ಯಾವ ಜೀನ್ ಬಾಯಿ ಮುಚ್ಚಿಸಬೇಕೋ ಅದರ ಜೋಡಿ ಎಳೆಯ ಆರ್‌ಎನ್‌ಎ ಹಾಕಿದರೆ ಸಾಕು. ಆ ಜೀನಿನಿಂದ ಬಂದ ಆರ್‌ಎನ್‌ಎಗಳನ್ನು ಹುಳುವೇ ಹುಡುಕಿ ಕತ್ತರಿಸುತ್ತದೆ. ಸೂಜಿಯೂ ಬೇಡ. ಆ ಆರ್‌ಎನ್‌ಎ ಮಾಡುವ ಬ್ಯಾಕ್ಟೀರಿಯಾ ತಿನ್ನಿಸಿದರೂ ನಡೆಯುತ್ತದೆ. 2005ರಲ್ಲಿ ಒಂದು ತಂಡ ಹುಳುವಿನ ಸುಮಾರು 98 ಶೇಕಡಾ ಜೀನ್‌ಗಳನ್ನು ಒಂದೊಂದಾಗಿ ಹೀಗೆ ಮುಚ್ಚಿ, ಮೊದಲ ಎರಡು ವಿಭಜನೆಗಳ ವಿಡಿಯೊ ತೆಗೆಯಿತು. 661 ಜೀನ್‌ಗಳು ಆ ಹಂತಕ್ಕೆ ಬೇಕೇ ಬೇಕು ಅಂತ ಸಿಕ್ಕಿತು. ಎಲ್ಲವೂ ವಿಭಜನೆಯ ಜೀನ್‌ಗಳೇ ಅಂತ ತಿಳಿಯಬೇಡಿ. ಕೋಶದ ದಿನನಿತ್ಯದ ಸಂಸಾರಕ್ಕೆ ಬೇಕಾದವೂ ಅದರಲ್ಲಿ ಸೇರಿವೆ. ಆದರೂ ಅದು ದೊಡ್ಡ ಕೆಲಸ.

ಅದರಲ್ಲಿ ಒಂದು ಕುರುಡು ಮೂಲೆಯೂ ಇದೆ. ತಾಯಿಗೆ ತಿನ್ನಿಸಿದ ಆರ್‌ಎನ್‌ಎ, ಆಗಲೇ ತಯಾರಾಗಿ ಕೂತಿರುವ ವೀರ್ಯಾಣುವನ್ನು ಮುಟ್ಟುವುದಿಲ್ಲ. ಅಂದರೆ ಅಪ್ಪ ತಂದ ಸಾಮಾನು ಹಾಗೇ ಉಳಿಯುತ್ತದೆ. ಇದರಿಂದ ಏನು ತಪ್ಪಿಹೋಗುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಜೀನಿಗೆ ಬರುತ್ತೇನೆ. ಹೆಸರು ಝಿಗ್-1.

ಝಿಗ್-1 ಕೂಡ ಕೈನೇಸ್. ಅದರ ಕೆಲಸ ಸೆಂಟ್ರಿಯೋಲ್ ನಕಲು ಮಾಡಿಸುವುದು. ಕದಿರಿಗೆ ಎರಡು ತುದಿ ಇರುತ್ತವಲ್ಲ, ಆ ಒಂದೊಂದು ತುದಿಯ ನಡುವೆ ಇರುವ ಚಿಕ್ಕ ಕೊಳವೆಯೇ ಸೆಂಟ್ರಿಯೋಲ್. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬಣ್ಣ ಹಚ್ಚಿ ನೋಡಿದರೆ ಬರೀ ಚುಕ್ಕೆ. ಪ್ರತಿ ವಿಭಜನೆಗೂ ಅದು ಒಂದಕ್ಕೆ ಎರಡಾಗಬೇಕು, ಅಷ್ಟೇ ಆಗಬೇಕು. ಕಡಿಮೆಯಾದರೆ ಕದಿರಿಗೆ ಒಂದೇ ತುದಿ, ಎಳೆಯಲು ಎದುರು ಕಡೆಯೇ ಇಲ್ಲ. ಜಾಸ್ತಿಯಾದರೆ ಮೂರು ನಾಲ್ಕು ತುದಿ, ಕ್ರೋಮೋಸೋಮ್‌ಗಳು ದಿಕ್ಕಾಪಾಲು.

ಇಲ್ಲಿ ಒಂದು ಹಳೆಯ ಕತೆ ಹೇಳಲೇಬೇಕು. ವಿಭಜನೆಯ ಅಧ್ಯಯನ ದುಂಡುಹುಳುವಿನಲ್ಲಿ ಶುರುವಾದದ್ದು ಬ್ರೆನ್ನರ್ ಕಾಲದಲ್ಲಿ ಅಲ್ಲ. 1880ರ ದಶಕದಲ್ಲಿ ಬೆಲ್ಜಿಯಂನ ಎಡ್ವಾರ್ಡ್ ವಾನ್ ಬೆನೆಡೆನ್, ಜರ್ಮನಿಯ ಥಿಯೋಡರ್ ಬೊವೇರಿ ಇಬ್ಬರೂ ಕುದುರೆಯ ಕರುಳಿನ ದುಂಡುಹುಳುವನ್ನು ಹಿಡಿದಿದ್ದರು. ಅದರಲ್ಲಿ ಕ್ರೋಮೋಸೋಮ್‌ಗಳು ಒಂದು ಕೈಯ ಬೆರಳಿಗಿಂತ ಕಡಿಮೆ, ದೊಡ್ಡವು. ಎಣಿಸುವುದು ಸುಲಭ. ತಾಯಿ ತಂದೆ ಇಬ್ಬರಿಂದಲೂ ಸಮನಾದ ಪಾಲು ಬರುತ್ತದೆ ಅಂತ ವಾನ್ ಬೆನೆಡೆನ್ 1883ರಲ್ಲಿ ತೋರಿಸಿದರು. ಬೊವೇರಿ ಇನ್ನೊಂದು ಗಮನಿಸಿದರು: ಕ್ರೋಮೋಸೋಮ್ ಸಮಪಾಲು, ಆದರೆ ಕದಿರಿನ ತುದಿಯ ಚುಕ್ಕೆ ಬರುವುದು ವೀರ್ಯಾಣುವಿನ ಜತೆ ಮಾತ್ರ. ಅಂಡ ತನ್ನದನ್ನು ಮೊದಲೇ ಕಳೆದುಕೊಂಡಿರುತ್ತದೆ. ಆ ಕಾಲದ ಸೂಕ್ಷ್ಮದರ್ಶಕದಲ್ಲಿ, ಬಣ್ಣ ಹಚ್ಚಿದ ಸತ್ತ ಕೋಶ ನೋಡಿ ಇಷ್ಟು ಹೇಳಿದರು. ಮನುಷ್ಯರಲ್ಲೂ ಹಾಗೇ, ಸೆಂಟ್ರಿಯೋಲ್ ವೀರ್ಯಾಣುವಿನಿಂದ ಬರುತ್ತದೆ. ಇಲಿಯಲ್ಲಿ ಹಾಗಲ್ಲ. ಔಷಧ ಪರೀಕ್ಷೆಗೆ ಇಲಿಯೇ ನಮಗೆ ಹತ್ತಿರ ಅನ್ನುತ್ತೇವೆ, ಆದರೆ ಈ ಒಂದು ವಿಷಯದಲ್ಲಿ ಹುಳು ನಮಗೆ ಹತ್ತಿರ.

ಝಿಗ್-1ಕ್ಕೆ ವಾಪಸ್ ಬರೋಣ. ಕೆವಿನ್ ಒ'ಕಾನೆಲ್ ಮತ್ತು ಸಂಗಡಿಗರು 2001ರಲ್ಲಿ ಮಾಡಿದ ಕೆಲಸ ಇದು. ಅವರ ಬಳಿ ಶಾಖಕ್ಕೆ ಕೆಡುವ ರೂಪಾಂತರದ ಹುಳುಗಳಿದ್ದವು. ತಂಪಿನಲ್ಲಿ, 16 ಡಿಗ್ರಿಯಲ್ಲಿ ಇಟ್ಟರೆ ಎಂಜೈಮ್ ಸರಿಯಾಗಿ ಕೆಲಸ ಮಾಡುತ್ತದೆ, ಹುಳು ಸಂಸಾರ ಮಾಡುತ್ತದೆ. 25 ಡಿಗ್ರಿಯ ಹತ್ತಿರ ಇಟ್ಟರೆ ಎಂಜೈಮ್ ಕೈಕೊಡುತ್ತದೆ. ಈ ಹುಳುವಿನಲ್ಲಿ ಬಹುಪಾಲು ಉಭಯಲಿಂಗಿಗಳು, ತಮ್ಮ ವೀರ್ಯಾಣು ತಾವೇ ಮಾಡಿಕೊಳ್ಳುತ್ತವೆ. ಅಪರೂಪಕ್ಕೆ ಗಂಡು ಹುಟ್ಟುತ್ತವೆ. ಅವುಗಳಿಂದ ಬೇಕಾದ ಹಾಗೆ ಕೂಡಿಸಬಹುದು. ಹಾಗಾಗಿ ಕೆಟ್ಟ ತಾಯಿ ಮತ್ತು ಒಳ್ಳೆಯ ತಂದೆ, ಒಳ್ಳೆಯ ತಾಯಿ ಮತ್ತು ಕೆಟ್ಟ ತಂದೆ, ಎರಡನ್ನೂ ನೋಡಲು ಸಾಧ್ಯ.

ಮೊದಲು ಕೆಟ್ಟ ತಾಯಿ, ಒಳ್ಳೆಯ ತಂದೆ. ವೀರ್ಯಾಣು ಎಂದಿನಂತೆ ಎರಡು ಸೆಂಟ್ರಿಯೋಲ್ ತಂದಿದೆ. ಅವು ಬೇರೆಯಾಗಿ ಒಂದು ಆ ತುದಿಗೆ, ಒಂದು ಈ ತುದಿಗೆ ಹೋಗುತ್ತವೆ. ಕದಿರು ನೆಟ್ಟಗೆ ಎದ್ದು ಕೋಶ ಎರಡಾಗುತ್ತದೆ. ಏನೂ ಆಗಿಲ್ಲವೇನೋ ಅನ್ನಿಸುತ್ತದೆ. ಆದರೆ ಬುತ್ತಿಯಲ್ಲಿ ಝಿಗ್-1 ಇಲ್ಲದ್ದರಿಂದ ಆ ಎರಡು ನಕಲಾಗಲಿಲ್ಲ. ಪ್ರತಿ ಮರಿಕೋಶಕ್ಕೂ ಒಂದೇ ಒಂದು ಸಿಕ್ಕಿತು. ಎರಡನೇ ವಿಭಜನೆಯಲ್ಲಿ ಎರಡೂ ಕೋಶಗಳಲ್ಲಿ ಕದಿರಿಗೆ ಒಂದೇ ತುದಿ. ಅಲ್ಲಿಗೆ ನಿಂತಿತು.

ಈಗ ಒಳ್ಳೆಯ ತಾಯಿ, ಕೆಟ್ಟ ತಂದೆ. ತಂದೆಯ ದೇಹದಲ್ಲಿ ವೀರ್ಯಾಣು ತಯಾರಾಗುವಾಗಲೇ ನಕಲು ತಪ್ಪಿದೆ. ಆದ್ದರಿಂದ ವೀರ್ಯಾಣು ಒಂದೇ ಸೆಂಟ್ರಿಯೋಲ್ ತರುತ್ತದೆ. ಮೊದಲ ವಿಭಜನೆಯೇ ಒಂಟಿ ತುದಿಯಿಂದ ಕೆಡುತ್ತದೆ. ಆದರೆ ತಮಾಷೆ ನೋಡಿ, ತಾಯಿಯ ಬುತ್ತಿಯಲ್ಲಿ ಒಳ್ಳೆಯ ಝಿಗ್-1 ಇದೆ. ಅದು ಆ ಒಂದನ್ನು ಎರಡು ಮಾಡುತ್ತದೆ. ಮುಂದಿನ ಸುತ್ತಿನಲ್ಲಿ ಅದೇ ಕೋಶದಲ್ಲಿ ಎರಡು ತುದಿಯ ಕದಿರು ಏಳುತ್ತದೆ. ಒಂದು ಸುತ್ತು ತಡವಾಗಿ.

ಅದೇ ಜೀನ್. ತಾಯಿಯದ್ದು ಕೆಟ್ಟರೆ ಮೊದಲನೆಯದು ಸರಿ, ಎರಡನೆಯದು ತಪ್ಪು. ತಂದೆಯದ್ದು ಕೆಟ್ಟರೆ ಮೊದಲನೆಯದು ತಪ್ಪು, ಎರಡನೆಯದು ಸರಿ. ಆರ್‌ಎನ್‌ಎಐ ಒಂದನ್ನೇ ನೆಚ್ಚಿಕೊಂಡಿದ್ದರೆ ನಮಗೆ ಮೊದಲ ಅರ್ಧ ಮಾತ್ರ ಕಾಣುತ್ತಿತ್ತು. ಯಂತ್ರದಲ್ಲಿ ಸಾವಿರಗಟ್ಟಲೆ ಜೀನ್ ಒಟ್ಟಿಗೆ ಪರೀಕ್ಷೆ ಮಾಡುವ ಈ ಕಾಲದಲ್ಲೂ, ಹಳೆಯ ಕಾಲದ ಹಾಗೆ ಗಂಡು ಹೆಣ್ಣು ಕೂಡಿಸಿ ಕಾದು ನೋಡುವ ಕೆಲಸಕ್ಕೆ ನಾನು ಜಾಸ್ತಿ ಅಂಕ ಕೊಡುವುದು ಇದಕ್ಕೇ.

ಕದಿರು ಅಂದಾಗ ನೆನಪಾಯಿತು. ಶಾಲೆಯ ಮಾತ್ರೆ ಆಲ್ಬೆಂಡಜೋಲ್. ಅದು ಅಂಟಿಕೊಳ್ಳುವುದು ಹುಳುವಿನ ಟ್ಯೂಬ್ಯುಲಿನ್ ಪ್ರೋಟೀನಿಗೆ. ಕದಿರಿನ ಎಳೆಗಳೂ ಟ್ಯೂಬ್ಯುಲಿನ್ನಿನವೇ, ಕೋಶದೊಳಗೆ ಸಾಮಾನು ಸಾಗಿಸುವ ದಾರಿಗಳೂ ಅದರವೇ. ಜಂತುಹುಳು ಸಾಯುವುದು ಮುಖ್ಯವಾಗಿ ಅದರ ಕರುಳಿನ ಕೋಶಗಳು ಸಕ್ಕರೆ ಹೀರಲಾರದೆ. ನಮ್ಮ ಟ್ಯೂಬ್ಯುಲಿನ್ನಿಗೆ ಮಾತ್ರೆ ಅಷ್ಟಾಗಿ ಅಂಟುವುದಿಲ್ಲ. ಈ ಜಾತಿಯ ಔಷಧಕ್ಕೆ ಹುಳು ಜಗ್ಗದೆ ಹೋಗಲು ಕಾರಣವಾದ ಟ್ಯೂಬ್ಯುಲಿನ್ ಜೀನ್ ಸಿಕ್ಕಿದ್ದೂ ನಮ್ಮ ಸಿ. ಎಲೆಗನ್ಸ್‌ನಲ್ಲಿಯೇ. ಕುರಿ ಸಾಕುವವರಿಗೆ ಔಷಧಕ್ಕೆ ಬಗ್ಗದ ಹುಳುಗಳ ಕಾಟ ಚೆನ್ನಾಗಿ ಗೊತ್ತು. ಸರಿ, ಮುಂದೆ ಹೋಗೋಣ.

ಇಷ್ಟು ಹೊತ್ತು ಬುತ್ತಿಯಲ್ಲಿ ಇದೆಯೋ ಇಲ್ಲವೋ ಅಂತ ನೋಡಿದೆವು. ಇದ್ದರೂ ಹಂಚಿಕೆ ಹೇಗೆ? ಹುಳುವಿನ ಮೊಟ್ಟೆ ಉದ್ದಕ್ಕೆ 50 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಬಸುರಿ ಹುಳುವನ್ನು ಗಾಜಿನ ಮೇಲೆ ನೀರಿನ ಹನಿಯಲ್ಲಿಟ್ಟು ಸೂಜಿಮೊನೆಯಿಂದ ಸೀಳಿದರೆ ಮೊಟ್ಟೆಗಳು ಹೊರಗೆ ಬೀಳುತ್ತವೆ. ಹೊಸದೊಂದನ್ನು ಹುಡುಕಿ ನೋಡುತ್ತಾ ಕೂರಿ. ಎರಡು ತುದಿಯಲ್ಲಿ ಎರಡು ನುಣುಪು ಬಿಳಿ ದುಂಡು ಕಾಣುತ್ತವೆ. ಒಂದು ತಾಯಿಯ ಕೋಶಕೇಂದ್ರ, ಒಂದು ತಂದೆಯದ್ದು. ಎರಡೂ ಹತ್ತಿರ ಬಂದು ತಾಗುತ್ತವೆ, ನಡುವಿಗೆ ಸರಿಯುತ್ತವೆ, ಆಮೇಲೆ ಕರಗಿದಂತೆ ಮಾಯ. ಕದಿರು ಏಳುತ್ತದೆ, ಹಿಂದಿನ ತುದಿ ಅತ್ತಿತ್ತ ತೂಗುತ್ತದೆ. ಕೋಶ ಒಡೆಯುವುದು ಸರಿಯಾಗಿ ನಡುವಿನಲ್ಲಿ ಅಲ್ಲ, ಸ್ವಲ್ಪ ಹಿಂದಕ್ಕೆ. ಮುಂದಿನದು ದೊಡ್ಡದು, ಹೆಸರು ಎಬಿ. ಹಿಂದಿನದು ಚಿಕ್ಕದು, ಪಿ-1. ಆಮೇಲೆ ಗಡಿಯಾರ ನೋಡಿ. ಎಬಿ ಮೊದಲು ಒಡೆಯುತ್ತದೆ. ಸುಮಾರು ಎರಡು ನಿಮಿಷ ಬಿಟ್ಟು ಪಿ-1. ಪ್ರತಿ ಮೊಟ್ಟೆಯಲ್ಲೂ ಹೀಗೇ.

ಒಂದೇ ತಾಯಿಕೋಶ, ಒಂದೇ ಡಿಎನ್‌ಎ. ಎರಡು ನಿಮಿಷ ಎಲ್ಲಿಂದ ಬಂತು? ದೊಡ್ಡದು ಚಿಕ್ಕದು ಅನ್ನುವುದರಿಂದಷ್ಟೇ ಅಲ್ಲ. ಪಿಎಲ್‌ಕೆ-1 ಅನ್ನುವ ಇನ್ನೊಂದು ಕೈನೇಸ್ ಇದೆ. ತಾಯಿ ಕೊಟ್ಟ ಈ ಎಂಜೈಮ್ ಮೊದಲ ವಿಭಜನೆಗೆ ಮುಂಚೆಯೇ ಕೋಶದ ಮುಂದಿನ ಅರ್ಧದಲ್ಲಿ ಜಾಸ್ತಿ ಸೇರಿಕೊಳ್ಳುತ್ತದೆ. ಅಲ್ಲಿಗೆ ಅದನ್ನು ಸೇರಿಸುವುದು ಕೋಶಕ್ಕೆ ಹಿಂದೆ ಮುಂದೆ ಕೊಡುವ ಪಾರ್ ಪ್ರೋಟೀನ್‌ಗಳ ವ್ಯವಸ್ಥೆ. ಕೆನೆತ್ ಕೆಂಫ್ಯೂಸ್ ತಂಡ 1988ರಲ್ಲಿ ಕಂಡುಹಿಡಿದದ್ದು. ಒಡೆದ ಮೇಲೆ ಎಬಿಗೆ ಪಿಎಲ್‌ಕೆ-1 ದೊಡ್ಡ ಪಾಲು. ಅದರಿಂದ ಸಿಡಿಸಿ-25 ಅನ್ನುವ ಫಾಸ್ಫಟೇಸ್ ಎಬಿಯ ಕೋಶಕೇಂದ್ರದಲ್ಲಿ ಬೇಗ ಕೂಡಿಬೀಳುತ್ತದೆ. ಅದು ಸಿಡಿಕೆ-1ನ್ನು ಹಿಡಿದಿಟ್ಟಿದ್ದ ಫಾಸ್ಫೇಟ್ ಕಿತ್ತು ಬಿಡುಗಡೆ ಮಾಡುತ್ತದೆ. ಎಬಿ ಮುಂದೆ ಓಡುತ್ತದೆ. ಇನ್ನೊಂದು ಕಡೆ ಪಿ-1ರಲ್ಲಿ ಡಿಎನ್‌ಎ ನಕಲು ಮುಗಿದಿದೆಯಾ ಅಂತ ನೋಡುವ ಚೆಕ್-1 ಕೈನೇಸ್ ಜಾಸ್ತಿ ಹೊತ್ತು ತಡೆಯುತ್ತದೆ. ಪಿಎಲ್‌ಕೆ-1 ಸ್ವಲ್ಪ ಕಡಿಮೆ ಮಾಡಿದರೆ ಅಂತರ ಬೆಳೆಯುತ್ತದೆ. ಚೆಕ್-1 ತೆಗೆದರೆ ಕುಗ್ಗುತ್ತದೆ.

ಎರಡು ನಿಮಿಷ ಹೆಚ್ಚಾದರೆ ಕಡಿಮೆಯಾದರೆ ಏನು ಮಹಾ ಅಂತ ಕೇಳಬಹುದು. ಪಿ-1ರ ಸಾಲಿನಿಂದಲೇ ಮುಂದೆ ಅಂಡ, ವೀರ್ಯಾಣು ಕೊಡುವ ಕೋಶಗಳು ಬರಬೇಕು. ಚೆಕ್-1 ಇಲ್ಲದ ಭ್ರೂಣಗಳು ಬದುಕಿ ದೊಡ್ಡವಾಗಬಹುದು, ಆದರೆ ಆ ಸಾಲು ಸರಿಯಾಗಿ ಬೆಳೆಯದೆ ಬಂಜೆಯಾಗುತ್ತವೆ.

ಏರ್-2 ಬಗ್ಗೆ ಎರಡೇ ಮಾತು, ಇಲ್ಲದಿದ್ದರೆ ನಮ್ಮ ಕ್ಷೇತ್ರದವರು ಬೈಯುತ್ತಾರೆ. ಮನುಷ್ಯರಲ್ಲಿ ಅರೋರಾ-ಬಿ ಅನ್ನುವ ಕೈನೇಸ್ ಹುಳುವಿನಲ್ಲಿ ಏರ್-2. ಕ್ರೋಮೋಸೋಮ್ ಪಾಲಾಗುವ ತನಕ ಅವುಗಳ ಮೇಲೆಯೇ ಇರುತ್ತದೆ. ಪಾಲಾದ ಕೂಡಲೇ ಅವನ್ನು ಬಿಟ್ಟು ಕದಿರಿನ ನಡುಭಾಗಕ್ಕೆ ಬರುತ್ತದೆ. ಅದು ಇಲ್ಲದಿದ್ದರೆ ಕೋಶದ ನಡು ಹಿಂಡಲು ಶುರುವಾಗಿ, ಪೂರ್ತಿಯಾಗದೆ ಹಿಂದಕ್ಕೆ ಹಿಗ್ಗುತ್ತದೆ. ಇದೂ ಮೊದಲ ವಿಭಜನೆಯಲ್ಲಿ ತಾಯಿಯ ಪಾಲೇ.

ಇನ್ನು ನಮ್ಮ ಕಡೆ. ಈ ಎಂಜೈಮ್‌ಗಳ ಹೆಸರು ಕ್ಯಾನ್ಸರ್ ವೈದ್ಯರಿಗೆ ಪರಿಚಿತ. ಸಿಡಿಕೆ-1ರ ಬಳಗದ ಸಿಡಿಕೆ-4 ಮತ್ತು 6ನ್ನು ತಡೆಯುವ ಪಾಲ್ಬೊಸಿಕ್ಲಿಬ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು. ಸ್ತನ ಕ್ಯಾನ್ಸರಿಗೆ ಕೊಡುತ್ತಾರೆ. ಅರೋರಾ, ಪಿಎಲ್‌ಕೆ ತಡೆಯುವ ಔಷಧಗಳ ಮೇಲೂ ವರ್ಷಗಳಿಂದ ಕೆಲಸ ನಡೆದಿದೆ. ಅದರ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಮಾತಾಡುತ್ತಾರೆ.

ನನಗೆ ಕುತೂಹಲ ಇರುವುದು ಝಿಗ್-1ರ ಮನುಷ್ಯರ ಜತೆಗಾರನ ಬಗ್ಗೆ. ಅದು ಪಿಎಲ್‌ಕೆ-4. ಅಕ್ಷರ ಅಕ್ಷರ ಹೋಲಿಸಿದರೆ ಎರಡಕ್ಕೂ ಅಂಥ ಹೋಲಿಕೆ ಇಲ್ಲ. ಆದರೆ ಮಾಡುವ ಕೆಲಸ ಅದೇ, ಸೆಂಟ್ರಿಯೋಲ್ ನಕಲು. ಅಮೆರಿಕದಲ್ಲಿ ಐವಿಎಫ್ ಮಾಡಿಸಿಕೊಂಡ ದಂಪತಿಗಳ ಭ್ರೂಣಗಳಲ್ಲಿ ಕ್ರೋಮೋಸೋಮ್ ಸಂಖ್ಯೆ ಪರೀಕ್ಷೆ ಮಾಡಿದ ದೊಡ್ಡ ಮಾಹಿತಿ ರಾಶಿಯೊಂದಿತ್ತು. 2015ರಲ್ಲಿ ಅದನ್ನು ಜಾಲಾಡಿದಾಗ, ಮೊದಲ ಕೆಲವು ವಿಭಜನೆಗಳಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪುವುದಕ್ಕೂ ಪಿಎಲ್‌ಕೆ-4 ಇರುವ ಜಾಗದ ಒಂದು ಸಾಮಾನ್ಯ ರೂಪಾಂತರಕ್ಕೂ ನಂಟು ಕಂಡಿತು. ಆ ನಂಟು ಭ್ರೂಣದ ಸ್ವಂತ ಜೀನಿನ ಜತೆ ಅಲ್ಲ, ತಾಯಿಯ ಜೀನಿನ ಜತೆ.

ಮನುಷ್ಯರ ಭ್ರೂಣದಲ್ಲೂ ಸ್ವಂತ ಜೀನ್‌ಗಳು ಜೋರಾಗಿ ಕೆಲಸಕ್ಕೆ ಇಳಿಯುವುದು ನಾಲ್ಕರಿಂದ ಎಂಟು ಕೋಶದ ಹೊತ್ತಿಗೆ. ಅಲ್ಲಿಯ ತನಕ ನಡೆಯುವುದು ಅಂಡದೊಳಗೆ ತಾಯಿ ತುಂಬಿಟ್ಟದ್ದರಿಂದಲೇ. ಹಾಗಂತ ನಾಳೆ ಬೆಳಿಗ್ಗೆ ಯಾರೂ ಈ ಜೀನ್ ಪರೀಕ್ಷೆಗೆ ಓಡಬೇಡಿ. ಆ ರೂಪಾಂತರ ಎಷ್ಟೋ ಜನರಲ್ಲಿ ಇದೆ, ಅವರಿಗೆಲ್ಲ ಮಕ್ಕಳೂ ಇದ್ದಾರೆ.